ಹುಳಿಗಂಜಿಯ ವಾಸನೆ ಹಿಡಿದು

ಅಕ್ಕಲಕೋಟ ರಸ್ತೆ ಎಂಐಡಿಸಿಯನ್ನು ಕಣ್ಣು ಮುಚ್ಚಿಕೊಂಡು ದಾಟಿದರೂ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಮೂಗೇ ದಾರಿ ಹೇಳುತ್ತದೆ. ಒಂದು ಕಡೆ ನೂಲಿಗೆ ಬಣ್ಣ ಹಾಕುವ ಬಿಸಿನೀರಿನ ಘಾಟು, ಇನ್ನೊಂದು ಕಡೆ ಹತ್ತಿಯ ಧೂಳು, ಮುಂದೆ ಹೋದರೆ ಮಗ್ಗದ ಎಣ್ಣೆ, ನಡುನಡುವೆ ಹಾಸಿನ ನೂಲಿಗೆ ಹಿಡಿಸುವ ಗಂಜಿಯ ವಾಸನೆ. ಸೋಲಾಪುರದ ಚಾದರು, ಟಾವೆಲ್ಲುಗಳು ಹುಟ್ಟುವ ಜಾಗ ಇದು. ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿ ಬಹಳಷ್ಟು ಮಂದಿಯ ಅಪ್ಪ-ಅವ್ವ ಇಲ್ಲಿಯೇ ದುಡಿಯುತ್ತಾರೆ.

ಇಷ್ಟೊಂದು ವಾಸನೆಗಳ ನಡುವೆ ಬೆಳೆದ ಮಕ್ಕಳನ್ನು "ಅದು ಎಂಥ ವಾಸನೆಯಪ್ಪಾ?" ಅಂತ ಕೇಳಿನೋಡಿ. "ವಾಸ್ನಿ ಅದರೀ ಸರ" ಅಂತಾರೆ. ಅಷ್ಟೇ! ಬಣ್ಣಗಳಿಗೆ ಹತ್ತಾರು ಹೆಸರು ಹೇಳುವ ಮಕ್ಕಳು ವಾಸನೆಯ ಹತ್ತಿರ ಬಂದ ಕೂಡಲೇ 'ಚಲೋ', 'ಹೊಲಸು' ಎಂಬ ಎರಡೇ ಮಾತಿಗೆ ನಿಂತುಬಿಡುತ್ತಾರೆ. ಮಕ್ಕಳದ್ದೇನು, ಹೋದ ಜನವರಿಯ ತನಕ ನಾವು ಮಾಸ್ತರಮಂದಿಯ ಕಥೆಯೂ ಅದೇ ಆಗಿತ್ತು. ನಮಗೆ ಈ ವಿಷಯದಲ್ಲಿ ಪಾಠ ಹೇಳಿದ್ದು, ನಂಬಿದರೆ ನಂಬಿ, ಆಸ್ಟ್ರೇಲಿಯಾದ ಒಂದು ವಿಸ್ಕಿ ಬಾಟಲಿ.

"ಮಾಸ್ತರಾಗಿ ದಾರೂ ಬಗ್ಗೆ ಬರೀತೀರೇನ್ರೀ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕು ಕೂಡ. ದಾರೂ ಈ ರಸ್ತೆಯ ಎಷ್ಟೋ ಮನೆಗಳನ್ನು ತಿಂದುಹಾಕಿದೆ, ಅದನ್ನು ನಮಗಿಂತ ಹತ್ತಿರದಿಂದ ಕಂಡವರು ಕಡಿಮೆ. ಆದರೆ ಆ ವಿಷಯ ಎತ್ತದೇ ಸುಮ್ಮನಿದ್ದುದರಿಂದ ಯಾವ ಮನೆಯೂ ಉಳಿದಿಲ್ಲ. ಸ್ವಲ್ಪ ತಾಳ್ಮೆಯಿಂದ ಕೊನೆಯ ತನಕ ಓದಿ, ಆಮೇಲೆ ಬೈಯಿರಿ.

ನಮ್ಮಲ್ಲಿ ಓದಿದ ಹುಡುಗನೊಬ್ಬ ಈಗ ಆಸ್ಟ್ರೇಲಿಯಾದ ಪರ್ತ್ ಊರಲ್ಲಿದ್ದಾನೆ. ಅವನ ತಂದೆ ಎಂಐಡಿಸಿಯಲ್ಲಿ ಗಂಜಿ ಖಾತೆಯಲ್ಲಿ, ಅಂದರೆ ಸೈಝಿಂಗಿನಲ್ಲಿ, ದುಡಿದು ನಿವೃತ್ತರಾದವರು. ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ಹುಡುಗ ಊರಿಗೆ ಬಂದಾಗ ಒಂದು ಬಾಟಲಿ ತಂದಿದ್ದ. ಕಾನೂನಿನ ಪ್ರಕಾರ ವಿದೇಶದಿಂದ ಬರುವವರು ಎರಡು ಲೀಟರ್ ತರಬಹುದು. "ಸರ್, ಕುಡೀಲಿಕ್ಕಲ್ಲ, ಇದರ ಮ್ಯಾಲಿನ ಶಬ್ದಕ್ಕ ಕನ್ನಡ ಹೇಳ್ರಿ ನೋಡೂಣು" ಅಂತ ಅವನು ಕೆಣಕಿದ. ಲೇಬಲ್ಲಿನ ಮೇಲೆ ಹೆಡೆ ಎತ್ತುವ ಹಾವಿನ ಹೆಸರು: ಟೈಗರ್ ಸ್ನೇಕ್, ಹುಲಿಹಾವು. ಕೆಳಗೆ 'ಸೌರ್ ಮ್ಯಾಶ್ ವಿಸ್ಕಿ' ಎಂದಿತ್ತು. ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ದಂಡೆಯ ಆಲ್ಬನಿ ಎಂಬ ಬಂದರೂರಿನ ಗ್ರೇಟ್ ಸದರ್ನ್ ಡಿಸ್ಟಿಲಿಂಗ್ ಕಂಪನಿಯ ಮಾಲು. ಆ ಸೀಮೆಯ ವಿಷದ ಹಾವಿನ ಹೆಸರನ್ನೇ ವಿಸ್ಕಿಗೆ ಇಟ್ಟಿದ್ದಾರೆ. ಪ್ರಾಮಾಣಿಕರು ಅನ್ನಬೇಕು!

ಒಂದು ಮಾತು ಮೊದಲೇ ಹೇಳಿಬಿಡೋಣ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇನ್ನೂ ಜೀವಂತವಾಗಿದೆ. ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ವಿಸ್ಕಿಯಂಥ ಕಡಕ್ ಮಾಲಿಗೆ 25 ವರ್ಷ ತುಂಬಿರಬೇಕು, ಬಿಯರಿಗೆ 21. ನಾವು ಮೂವರು ಮಾಸ್ತರರು ಪರವಾನಗಿ ತೆಗೆಸಿಯೇ, ಶಾಲೆಗೆ ರಜೆ ಇದ್ದ ದಿನ, ಹುಡುಗನ ಮನೆಯ ಮಾಳಿಗೆಯ ಮೇಲೆ ಕುಳಿತೆವು. ನಮ್ಮಲ್ಲೊಬ್ಬರು ವಿಜ್ಞಾನ ಕಲಿಸುವವರು, ಒಬ್ಬರು ಗಣಿತ, ಒಬ್ಬರು ಕನ್ನಡ. ಹುಡುಗನ ತಂದೆ ಮಾತ್ರ ಜನ್ಮದಲ್ಲಿ ಒಂದು ಹನಿ ಮುಟ್ಟದವರು. "ನೀವು ನೋಡ್ರಿ, ನಾ ಬಾಜೂಕ ಕುಂದರತೀನಿ" ಎಂದು ಕಟ್ಟೆಗೆ ಒರಗಿ ಕುಳಿತರು. ಆ ದಿನ ನಮ್ಮೆಲ್ಲರ ಗುರುವಾದವರು ಅವರೇ.

ಮೊದಲು ಶಬ್ದದ ಜಗಳ. 'ಸೌರ್' ಅಂದರೆ ಹುಳಿ, ಸರಿ. 'ಮ್ಯಾಶ್' ಅಂದರೆ? ಧಾನ್ಯವನ್ನು ನುಚ್ಚಾಗಿ ಒಡೆದು ಬಿಸಿನೀರಲ್ಲಿ ಕಲಸಿದ್ದು. ಅದಕ್ಕೆ ಮೊಳಕೆ ಬರಿಸಿದ ಬಾರ್ಲಿ ಸೇರಿಸುತ್ತಾರೆ. ಮೊಳಕೆಯಲ್ಲಿರುವ ಕಿಣ್ವಗಳು ಧಾನ್ಯದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಅದು ಆರಿದ ಮೇಲೆ ಈಸ್ಟ್ ಹಾಕಿದರೆ ಈಸ್ಟ್ ಆ ಸಕ್ಕರೆ ತಿಂದು ಮದ್ಯಸಾರ ಬಿಡುತ್ತದೆ. ಕೆಲವು ದಿನ ಹುದುಗಿದ ಮೇಲೆ ಭಟ್ಟಿ ಇಳಿಸುತ್ತಾರೆ. ಮದ್ಯಸಾರ ಆವಿಯಾಗಿ ಮೇಲೆ ಹೋಗುತ್ತದೆ, ತಳದಲ್ಲಿ ತೆಳ್ಳಗಿನ ಹುಳಿನೀರು ಉಳಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಚೆಲ್ಲದೆ ಎತ್ತಿಟ್ಟು ಮುಂದಿನ ಸಲದ ಕಲಸಿಗೆ ಬೆರೆಸುವುದೇ ಈ 'ಸೌರ್ ಮ್ಯಾಶ್' ಪದ್ಧತಿ. ವಿಸ್ಕಿ ಹುಳಿಯಾಗಿರುವುದಿಲ್ಲ, ಕಲಸು ಹುಳಿ.

ಅಮೇರಿಕದ ಕೆಂಟಕಿ ಪ್ರಾಂತದಲ್ಲಿ ಬೆಳೆದ ಪದ್ಧತಿ ಇದು. ಕ್ಯಾಥರಿನ್ ಕಾರ್ಪೆಂಟರ್ ಎಂಬ ಹೆಣ್ಣುಮಗಳು 1818ರಲ್ಲಿ ಬರೆದಿಟ್ಟ ಹುಳಿಕಲಸಿನ ಪಾಕವಿಧಾನ ಇಂದಿಗೂ ಉಳಿದಿದೆ. ಅದಕ್ಕೆ ಅಳತೆ, ಶಿಸ್ತು ತಂದವನು ಸ್ಕಾಟ್ಲೆಂಡಿನಿಂದ ಅಲ್ಲಿಗೆ ಹೋದ ಜೇಮ್ಸ್ ಕ್ರೋ. 1830ರ ದಶಕದಲ್ಲಿ ಅವನು ಉಷ್ಣತೆ, ಸಕ್ಕರೆ, ಹುಳಿ ಎಲ್ಲವನ್ನೂ ಅಳೆದು ನೋಡುತ್ತಿದ್ದ. ಅದಕ್ಕೂ ಮುಂಚೆ ಒಂದು ಸಲ ಚೆನ್ನಾಗಿ ಬಂದ ಮಾಲು ಇನ್ನೊಂದು ಸಲ ಕೆಟ್ಟುಹೋಗುವುದು ಸಾಮಾನ್ಯವಾಗಿತ್ತು. ಹುಳಿನೀರು ಬೆರೆತರೆ ಕಲಸಿನಲ್ಲಿ ಬೇಡದ ಸೂಕ್ಷ್ಮಜೀವಿಗಳಿಗೆ ಜಾಗವಿಲ್ಲ, ಹುಳಿ ತಡೆದುಕೊಳ್ಳುವ ಈಸ್ಟ್ ಮಾತ್ರ ಹಾಯಾಗಿ ಬೆಳೆಯುತ್ತದೆ. ಅಲ್ಲಿಯ ನೀರೂ ನಮ್ಮ ಬೋರಿನ ನೀರಿನಂತೆ ಸುಣ್ಣದ ನೀರು. ಅದರ ಕ್ಷಾರವನ್ನೂ ಈ ಹುಳಿ ಹದಕ್ಕೆ ತರುತ್ತದೆ.

ಕನ್ನಡದ ಮಾಸ್ತರರು ಕೂಡಲೇ "ಹಂಗಾದ್ರ ಇದು ಹೆಪ್ಪುಗಂಜಿ!" ಅಂದರು. ನಿನ್ನೆಯ ಮೊಸರಿನಿಂದ ಒಂದು ಚಮಚ ಎತ್ತಿ ಇವತ್ತಿನ ಹಾಲಿಗೆ ಹಾಕಿದಂತೆ ಅಲ್ಲವೇ? ಎಷ್ಟು ಚೆಂದದ ಶಬ್ದ! ಆದರೆ ವಿಜ್ಞಾನದ ಮಾಸ್ತರರು ಒಪ್ಪಲಿಲ್ಲ. "ಹೆಪ್ಪು ಅಂದ್ರ ಜೀವ ಇರೂದು. ಭಟ್ಟಿಯೊಳಗ ಕುದ್ದು ಬಂದ ನೀರಿನಾಗ ಈಸ್ಟ್ ಎಲ್ಲಾ ಸತ್ತಿರತದ. ಇದು ಬರೇ ಹುಳಿ ಕೊಡತದ, ಜೀವ ಕೊಡೂದಿಲ್ಲ. ಈಸ್ಟ್ ಬ್ಯಾರೆ ಹಾಕಬೇಕು." ಮಾತು ಖರೆ ಇತ್ತು. ಅರ್ಧ ತಾಸು ಜಗಳವಾಗಿ ಕೊನೆಗೆ 'ಹುಳಿಗಂಜಿ' ಎಂಬಲ್ಲಿಗೆ ನಿಂತಿತು. ಹೆಪ್ಪುಗಂಜಿಯಷ್ಟು ಚೆಂದವಿಲ್ಲ, ಆದರೆ ಸುಳ್ಳು ಹೇಳುವುದಿಲ್ಲ. ಪಾರಿಭಾಷಿಕ ಶಬ್ದಕ್ಕೆ ಅದೇ ತಾನೇ ಮುಖ್ಯ?

ಅಷ್ಟರಲ್ಲಿ ಕೆಳಗಿನಿಂದ ಶೇಂಗಾ ಹಿಂಡಿ, ಕಡಕ್ ರೊಟ್ಟಿ ತಂದ ಹುಡುಗನ ತಾಯಿ ನಮ್ಮ ವಾದ ಕೇಳಿ ನಕ್ಕರು. "ಜೀವ ಇರೂ ಹುಳಿ ಬೇಕಂದ್ರ ನಮ್ಮ ಅಂಬ್ಲಿ ಗಡಗಿ ಅದ ಅಲ್ಲರೀ" ಅಂದರು. ಖರೆ. ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ ರಾತ್ರಿಯಿಡೀ ಹುಳಿಯಲು ಬಿಟ್ಟು, ಬೆಳಿಗ್ಗೆ ಕುದಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ-ಜೀರಿಗೆ ಹಾಕಿ ಕುಡಿಯುವ ಅಂಬಲಿ. ಎಳ್ಳ ಅಮಾಸಿಗೆ ಹೊಲದಲ್ಲಿ ಕುಳಿತು ಗಡಿಗೆಗಟ್ಟಲೆ ಕುಡಿದವರು ನಾವು. ಅವರ ಅತ್ತೆಯವರು ಗಡಿಗೆಯನ್ನು ಪೂರಾ ತೊಳೆಯಲು ಬಿಡುತ್ತಿರಲಿಲ್ಲವಂತೆ, ತಳಕ್ಕೆ ಒಂದಿಷ್ಟು ಹುಳಿ ಇರಲೇಬೇಕು, ಇಲ್ಲದಿದ್ದರೆ ಮರುದಿನದ ಅಂಬಲಿ "ದಾರಿ ತಪ್ಪತದ" ಅನ್ನುತ್ತಿದ್ದರಂತೆ. ಅಂಬಲಿಯಲ್ಲಿ ಕೆಲಸ ಮಾಡುವುದು ಮೊಸರು ಮಾಡುವಂಥ ಬ್ಯಾಕ್ಟೀರಿಯಾಗಳು, ಅದಕ್ಕೇ ಅದರಲ್ಲಿ ಹುಳಿ ಇರುತ್ತದೆ, ಅಮಲು ಇರುವುದಿಲ್ಲ. ಆದರೆ ಹಿಂದಿನ ಹುಳಿ ಮುಂದಿನದನ್ನು ಕಾಯುತ್ತದೆ ಎಂಬ ತಿಳಿವಳಿಕೆ ಎರಡಕ್ಕೂ ಒಂದೇ. ಜೇಮ್ಸ್ ಕ್ರೋ ಅಳೆದು ಕಂಡುಕೊಂಡದ್ದನ್ನು ಆ ಅತ್ತೆಯವರು ಮೂಸಿ ಕಂಡುಕೊಂಡಿದ್ದರು.

ಇನ್ನು ರುಚಿ ನೋಡುವ ಕೆಲಸ. ವಿಸ್ಕಿಯ ಪರೀಕ್ಷೆ ಮಾಡುವವರು ಬಹುಪಾಲು ಕೆಲಸವನ್ನು ಮೂಗಿನಿಂದಲೇ ಮುಗಿಸುತ್ತಾರೆ. ಬಾಯಿಗೆ ಇಟ್ಟರೂ ಒಂದೊಂದು ಹನಿ. ದಿನಕ್ಕೆ ಹತ್ತಾರು ಮಾದರಿ ನೋಡಬೇಕಾದವರು ಕುಡಿಯುತ್ತ ಕುಳಿತರೆ ಸಂಜೆಗೆ ಮನೆ ಮುಟ್ಟಿಯಾರೇ? ಸಮಪ್ರಮಾಣದ ನೀರು ಬೆರೆಸಿ, ಮದ್ಯಸಾರದ ಉರಿಯನ್ನು ತಗ್ಗಿಸಿ, ಆಮೇಲೆ ಮೂಸುತ್ತಾರೆ. ನಮ್ಮ ಹತ್ತಿರ ಅವರು ಬಳಸುವ ಮೊಗ್ಗಿನಾಕಾರದ ಗ್ಲಾಸು ಎಲ್ಲಿಂದ ಬರಬೇಕು? ಚಹಾದ ಗಾಜಿನ ಗ್ಲಾಸಿಗೆ ಒಂದು ಗುಟುಕು ಸುರುವಿ, ಮೇಲೆ ಬಸಿ ಮುಚ್ಚಿ ಐದು ನಿಮಿಷ ಬಿಟ್ಟೆವು. ಬಸಿ ಸರಿಸಿದ ಕೂಡಲೇ ಒಳಗೆ ಕೂಡಿದ್ದ ವಾಸನೆ ಒಮ್ಮೆಗೇ ಬರುತ್ತದೆ. ಬಾಯಿ ಸ್ವಲ್ಪ ತೆರೆದು, ಮೂಗನ್ನು ಗ್ಲಾಸಿನೊಳಗೆ ತುರುಕದೆ ಮೆಲ್ಲಗೆ ಎಳೆದುಕೊಳ್ಳಬೇಕು.

ಮೊದಲ ಸುತ್ತಿನಲ್ಲಿ ನಮ್ಮ ಮೂವರ ಉತ್ತರ ಒಂದೇ: "ದಾರೂ ವಾಸನೆ." ನಮ್ಮ ಮಕ್ಕಳು "ವಾಸ್ನಿ ಅದರೀ ಸರ" ಅಂದ ಹಾಗೆ! ಎರಡನೆಯ ಸುತ್ತಿಗೆ ಗಣಿತದ ಮಾಸ್ತರರು "ಬೆಲ್ಲ... ಅಲ್ಲ, ಬೆಲ್ಲದ ಪಾಕ ಹೊತ್ತುವ ಮೊದಲಿನ ವಾಸನೆ" ಅಂದರು. ಬಾಗಿಲು ತೆರೆಯಿತು. ಶೇಂಗಾ ಹೋಳಿಗೆಯ ಹೂರಣ. ಒಣಕೊಬ್ಬರಿ. ಬಡಗಿಯ ಅಂಗಡಿಯ ಹೊಟ್ಟು. ಸುಟ್ಟ ಮೆಕ್ಕೆಜೋಳದ ತೆನೆ. ಒಂದೊಂದು ಹೆಸರು ಹೇಳಿದ ಕೂಡಲೇ ಅದು ಉಳಿದವರ ಮೂಗಿಗೂ ಸಿಗುತ್ತಿತ್ತು, ಹೆಸರು ಹೇಳುವ ತನಕ ಇದ್ದೂ ಇರಲಿಲ್ಲ. ಈ ವಾಸನೆಗಳಿಗೆಲ್ಲ ಕಾರಣ ಇದೆ. ಈ ಜಾತಿಯ ವಿಸ್ಕಿಗೆ ಮೆಕ್ಕೆಜೋಳ ಮುಖ್ಯ ಧಾನ್ಯ. ಅದನ್ನು ಇಡುವ ಓಕ್ ಮರದ ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟಿರುತ್ತಾರೆ. ಸುಟ್ಟ ಮರದಿಂದ ವೆನಿಲ್ಲಾ, ಪಾಕದ ವಾಸನೆ ಬಿಡುತ್ತದೆ, ಓಕ್ ಮರದ್ದೇ ಒಂದು ಅಂಶ ಕೊಬ್ಬರಿಯ ವಾಸನೆ ಕೊಡುತ್ತದೆ. ಭಟ್ಟಿಯಿಂದ ಇಳಿಯುವಾಗ ನೀರಿನಂತೆ ಬೆಳ್ಳಗಿರುವ ಮಾಲಿಗೆ ಬಣ್ಣ ಬರುವುದೂ ಆ ಮರದಿಂದಲೇ.

ನಾವು ಇಷ್ಟರಲ್ಲೇ ಹಿಗ್ಗಿ ಕುಳಿತಾಗ ಹುಡುಗನ ತಂದೆ "ಇಲ್ಲಿ ಕೊಡ್ರಿ, ವಾಸ್ನಿಗಿ ದೋಷ ಇಲ್ಲಲ್ಲ" ಎಂದು ಗ್ಲಾಸು ಇಸಕೊಂಡರು. ಕಣ್ಣು ಮುಚ್ಚಿ ಒಂದು ಸಲ, ಮುಖ ತಿರುವಿ ಉಸಿರು ಬಿಟ್ಟು ಇನ್ನೊಂದು ಸಲ ಎಳೆದುಕೊಂಡರು. "ಮ್ಯಾಲ ಸಿಹಿ ಅದ. ಕೆಳಗ ಗಂಜಿ ಅದ ನೋಡ್ರಿ. ನಿನ್ನಿನ ಗಂಜಿ. ಕೆಟ್ಟಿಲ್ಲ, ಹುಳಿ ಹಿಡದದ ಅಷ್ಟ."

ನಾವು ಮೂಸಿದೆವು. ಹೌದು! ಪಾಕ, ಕೊಬ್ಬರಿ ಎಲ್ಲದರ ಕೆಳಗೆ ಬೆಚ್ಚಗಿನ ಹಿಟ್ಟಿನ ವಾಸನೆ ಕುಳಿತಿತ್ತು. ಮೂವತ್ತು ವರ್ಷ ಗಂಜಿಯ ಹಂಡೆಯ ಮುಂದೆ ನಿಂತ ಮೂಗು ಅದು. ಹಾಸಿನ ನೂಲಿಗೆ ಗಂಜಿ ಸರಿಯಾಗಿ ಹಿಡಿಯದಿದ್ದರೆ ಮಗ್ಗದಲ್ಲಿ ಎಳೆ ಹರಿಯುತ್ತದೆ, ಎಳೆ ಹರಿದರೆ ಮಗ್ಗ ನಿಲ್ಲುತ್ತದೆ. ಮೆಕ್ಕೆಜೋಳದ ಹಿಟ್ಟು, ಹುಣಸೆಬೀಜದ ಹಿಟ್ಟು, ಇವು ಗಂಜಿಯಾಗಿ ಹಳಸಿದರೆ ನೂಲೂ ಕೆಡುತ್ತದೆ. "ಮಶೀನದಾಗ ಕಾಟಾ ಇತ್ತರೀ, ಆದರ ಕಾಟಾ ನೋಡೂಕಿಂತ ಮೊದಲ ನಮಗ ಮೂಗಿಗಿ ಗೊತ್ತಾಗ್ತಿತ್ತು" ಅಂದರು. ಆಮೇಲೆ ಗಂಜಿ ಖಾತೆಯ ವಾಸನೆಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಸೀದದ್ದು, ಕಮಟು, ಮುಗ್ಗು, ಹಳಸಲು, ಹುಳಿ, ಘಾಟು. ಗಣಿತದ ಮಾಸ್ತರರು ಶೇಂಗಾ ಕಟ್ಟಿದ್ದ ಕಾಗದದ ಮೇಲೆಯೇ ಬರೆದುಕೊಂಡರು.

ಕೊನೆಗೆ ನಾಲಿಗೆಗೆ ಒಂದು ಹನಿ. ತುದಿಯಲ್ಲಿ ಸಿಹಿ, ಆಮೇಲೆ ಕರಿಮೆಣಸಿನ ಖಾರ, ನುಂಗಿದ ಮೇಲೆ ನೇರಳೆಹಣ್ಣು ತಿಂದಂತೆ ಒಗರು. ನಾಲ್ಕು ಹನಿ ನೀರು ಹಾಕಿದರೆ ಖಾರ ಇಳಿದು ಧಾನ್ಯ ಮೇಲೆ ಬಂತು. ಒಂದೂವರೆ ತಾಸಿನಲ್ಲಿ ಮೂವರೂ ಸೇರಿ ಮುಗಿಸಿದ್ದು ಅರ್ಧ ಚಹಾ ಗ್ಲಾಸಿಗಿಂತ ಕಡಿಮೆ. ಯಾರಿಗೂ ಇನ್ನಷ್ಟು ಬೇಕು ಅನಿಸಲಿಲ್ಲ, ಇನ್ನೊಂದು ಶಬ್ದ ಬೇಕು ಅನಿಸುತ್ತಿತ್ತು.

ಆಸ್ಟ್ರೇಲಿಯಾದವರೂ ಇದನ್ನು ಕಲಿತದ್ದು ಇತ್ತೀಚೆಗೇ. ಸಣ್ಣ ಭಟ್ಟಿಗೆ ಪರವಾನಗಿ ಕೊಡದ 1901ರ ಕಾನೂನೊಂದು ಅಲ್ಲಿ ಇತ್ತು, 2,700 ಲೀಟರಿನ ಭಟ್ಟಿಯಾದರೂ ಇರಬೇಕು ಎಂದು. ಟಾಸ್ಮೇನಿಯಾದ ಬಿಲ್ ಲಾರ್ಕ್ ಎಂಬವರು ಬೆನ್ನುಹತ್ತಿ 1992ರಲ್ಲಿ ಪರವಾನಗಿ ಪಡೆದ ಮೇಲೆಯೇ ಸಣ್ಣ ಭಟ್ಟಿಗಳು ಹುಟ್ಟಿಕೊಂಡವು. ಆಲ್ಬನಿಯ ಕಂಪನಿ 2004ರದ್ದು. ಅಮೇರಿಕದ ಹೊರಗೆ ಮಾಡಿದ್ದನ್ನು ಬೂರ್ಬನ್ ಅನ್ನುವಂತಿಲ್ಲ, ಅದಕ್ಕೇ ಇವರು ಪದ್ಧತಿಯ ಹೆಸರನ್ನೇ ಮುಂದಿಟ್ಟಿದ್ದಾರೆ. ಅಲ್ಲಿಯ ಕಾನೂನಿನಂತೆ ಎರಡು ವರ್ಷ ಮರದ ಪೀಪಾಯಿಯಲ್ಲಿ ಇರದಿದ್ದರೆ ಅದು ವಿಸ್ಕಿಯೇ ಅಲ್ಲ. 2014ರಲ್ಲಿ ಟಾಸ್ಮೇನಿಯಾದ ಸಲಿವನ್ಸ್ ಕೋವ್ ಎಂಬ ವಿಸ್ಕಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎಂಬ ಪ್ರಶಸ್ತಿಯನ್ನೂ ಗೆದ್ದಿತು.

ನಮ್ಮವರೇನೂ ಹಿಂದೆ ಬಿದ್ದಿಲ್ಲ. ಅದೇ 2004ರಲ್ಲಿ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲೇ ಬಿಡುಗಡೆ ಮಾಡಿತು. ಕಮ್ಮಾರನ ಓಣಿಯಲ್ಲೇ ಸೂಜಿ ಮಾರಿದ ಹಾಗೆ! ಜಿಮ್ ಮರ್ರೇ ಎಂಬ ವಿಸ್ಕಿ ಪರೀಕ್ಷಕರು ತಮ್ಮ 2010ರ ಪುಸ್ತಕದಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ನಮ್ಮ ಸೆಕೆಯಲ್ಲಿ ಪೀಪಾಯಿಯೊಳಗಿನ ಮಾಲು ವರ್ಷಕ್ಕೆ ನೂರರಲ್ಲಿ ಹತ್ತು ಪಾಲಿಗೂ ಮೇಲೆ ಆರಿಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಸುಮಾರು ಎರಡು ಪಾಲು. ಆದ್ದರಿಂದ ಇಲ್ಲಿ ಬೇಗ ಮಾಗುತ್ತದೆ, ಬೇಗ ಖಾಲಿಯಾಗುತ್ತದೆ.

ನಮ್ಮ ಜೋಳದ ಸುದ್ದಿಯನ್ನೂ ಹೇಳಬೇಕು. ಮೊಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಎಂ 35-1, ಭೌಗೋಳಿಕ ಗುರುತು ಪಡೆದ ಮಂಗಳವೇಢೆಯ ಜೋಳ, ಇವೆಲ್ಲ ನಮ್ಮ ಜಿಲ್ಲೆಯ ಹೆಮ್ಮೆ. ಇದೇ ಜೋಳದ ಬಳಗದ ಧಾನ್ಯದಿಂದ ಚೀನಾದವರು ಮೌತಾಯ್‌ನಂಥ ತಮ್ಮ ಹೆಸರಾಂತ ಮದ್ಯ ಮಾಡುತ್ತಾರೆ. ಲೂಝೌ ಎಂಬ ಊರಿನಲ್ಲಿ 1573ರಿಂದ ಬಳಕೆಯಲ್ಲಿವೆ ಎನ್ನುವ ಮಣ್ಣಿನ ಕುಳಿಗಳಿವೆ. ಭಟ್ಟಿ ಇಳಿಸಿದ ಹಳೆಯ ಧಾನ್ಯಕ್ಕೇ ಹೊಸ ಜೋಳ ಬೆರೆಸಿ ಮತ್ತೆ ಕುಳಿಯಲ್ಲಿ ಹುದುಗಿಸುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಬೆಳೆದ ಜೋಳ ಕೂಡ ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ. ನಮ್ಮಲ್ಲಿ 2007ರಲ್ಲಿ ಮಹಾರಾಷ್ಟ್ರ ಸರಕಾರ ಧಾನ್ಯದಿಂದ ಮದ್ಯಸಾರ ತೆಗೆಯುವ ಕಾರಖಾನೆಗಳಿಗೆ ಪ್ರೋತ್ಸಾಹಧನದ ಯೋಜನೆ ತಂದಾಗ, ಗಡಚಿರೋಲಿಯ ಡಾ. ಅಭಯ ಬಂಗ್ ಅವರಂಥವರು ಅದನ್ನು ಬಲವಾಗಿ ವಿರೋಧಿಸಿದರು. ರೊಟ್ಟಿಯ ಜೋಳವನ್ನು ಸರಕಾರದ ದುಡ್ಡಿನಿಂದ ದಾರೂ ಮಾಡಬೇಕೇ ಎಂಬ ಪ್ರಶ್ನೆ. ನಮ್ಮ ವೋಟು ರೊಟ್ಟಿಗೇ.

ಹಾಗಾದರೆ ನಮ್ಮ ಅಂಗಡಿಗಳಲ್ಲಿ 'ವಿಸ್ಕಿ' ಎಂದು ಮಾರುವುದೇನು? ಅಗ್ಗದ ಬಾಟಲಿಗಳಲ್ಲಿ ಇರುವುದು ಬಹುಮಟ್ಟಿಗೆ ಕಾಕಂಬಿಯ ಮದ್ಯಸಾರ. ಸಕ್ಕರೆ ಕಾರಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ, ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಅದರಿಂದ ತೆಗೆದ, ವಾಸನೆ-ರುಚಿ ಇಲ್ಲದ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ ಸೇರಿಸಿರುತ್ತಾರೆ. ಯುರೋಪಿನಲ್ಲಿ ಇದನ್ನು ವಿಸ್ಕಿ ಎಂದು ಮಾರುವಂತಿಲ್ಲ, ಅಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು. ಇದನ್ನು ಮೂಸಲು ಕುಳಿತರೆ ಹೆಸರು ಹೇಳಲು ಹೆಚ್ಚೇನೂ ಸಿಗುವುದಿಲ್ಲ. ಇದು ಮೂಸಲು ಮಾಡಿದ್ದೂ ಅಲ್ಲ.

ಅದಕ್ಕೂ ಕೆಳಗಿನದು ಹಾತಭಟ್ಟಿ, ನಾವು ಕಳ್ಳಭಟ್ಟಿ ಅನ್ನುವುದು. ಅದಕ್ಕೆ ಲೇಬಲ್ಲಿಲ್ಲ, ಅಳತೆಯಿಲ್ಲ, ಯಾವಾಗ ಮಾಡಿದ್ದೆಂದಿಲ್ಲ. ಕಪ್ಪು ಬೆಲ್ಲ, ನವಸಾಗರ, ಇನ್ನೇನೋ. ಕುಡಿಯುವವನಿಗೆ ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಮೂಗು ಮುಚ್ಚಿ ಒಂದೇ ಗುಟುಕಿಗೆ ಸುರುವಿಕೊಳ್ಳುವುದು. ಗಮನಿಸಿ, ಮೂಗು ಮುಚ್ಚಿ! 2015ರ ಜೂನಿನಲ್ಲಿ ಮುಂಬಯಿಯ ಮಾಲವಣಿಯಲ್ಲಿ ವಿಷದ ದಾರೂ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ಮಿಥೆನಾಲ್ ಇತ್ತು. ಆಚೆ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಈಚೆ ನಮ್ಮಲ್ಲಿ 2021ರಲ್ಲಿ ಸೋಲಾಪುರ ಗ್ರಾಮೀಣ ಪೊಲೀಸರು, ಆಗಿನ ಎಸ್ಪಿ ತೇಜಸ್ವಿ ಸಾತಪುತೆ ಅವರ ಮುಂದಾಳತ್ವದಲ್ಲಿ 'ಆಪರೇಶನ್ ಪರಿವರ್ತನ' ಆರಂಭಿಸಿದರು. ಭಟ್ಟಿ ಒಡೆದು ಹೋಗುವುದಷ್ಟೇ ಅಲ್ಲ, ಭಟ್ಟಿ ಇಡುತ್ತಿದ್ದವರ ಜೊತೆ ಕುಳಿತು ಮಾತಾಡಿ ಅವರಿಗೆ ಬೇರೆ ಉದ್ಯೋಗದ ದಾರಿ ತೋರಿಸುವ ಕೆಲಸ ಅದು. ನಮ್ಮ ತರಗತಿಗಳಲ್ಲಿ ತಾಂಡಾದ ಮಕ್ಕಳೂ ಇದ್ದಾರೆ, ಕುಡಿದು ಮನೆಗೆ ಬರುವವರ ಮಕ್ಕಳೂ ಇದ್ದಾರೆ, ಒಂದೇ ಬೆಂಚಿನ ಮೇಲೆ. ಮಾರಿದವರನ್ನೋ ಕುಡಿದವರನ್ನೋ ಬೈಯುವ ಪಾಠ ಅಲ್ಲಿ ನಡೆಯುವುದಿಲ್ಲ.

ಆಗ ನಮಗೆ ನೆನಪಾದವರು ಹೆಂಡದ ಮಾರಯ್ಯ. ಹನ್ನೆರಡನೆಯ ಶತಮಾನದ ಶರಣ, ಹೆಂಡ ಮಾರುವುದೇ ಕಾಯಕ, ಅಂಕಿತ 'ಧರ್ಮೇಶ್ವರಲಿಂಗ'. ಹೆಂಡ ಮಾರುತ್ತಲೇ, ಕುಡಿಯಲು ಬಂದವರಿಗೆ ಅಮಲಿನ ಬಗ್ಗೆ ತಿಳಿಹೇಳುತ್ತಿದ್ದವರು ಎಂದು ಅವರ ಬಗ್ಗೆ ಹೇಳುತ್ತಾರೆ. ಶರಣರು ಅವರನ್ನು ಹೊರಗಿಡಲಿಲ್ಲ, ವಚನಕಾರರ ಸಾಲಿನಲ್ಲೇ ಕೂರಿಸಿಕೊಂಡರು. ಹೆಂಡದ ಮಾತನ್ನು ಕನ್ನಡದಲ್ಲಿ ಆಡಬಾರದು ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಎಂಟುನೂರು ವರ್ಷದ ಹಿಂದೆಯೇ ಆಡಿದ್ದಾರೆ ಸ್ವಾಮೀ.

ಈಗ ಶಾಲೆಗೆ ಬರೋಣ. ಫೆಬ್ರುವರಿಯಲ್ಲಿ ಏಳನೆಯ ತರಗತಿಯಲ್ಲಿ 'ಹುದುಗುವಿಕೆ' ಪಾಠ ಇತ್ತು. ವಿಜ್ಞಾನದ ಮಾಸ್ತರರು ಆರು ಬಟ್ಟಲು ತಂದು ಮೇಲೆ ಬಸಿ ಮುಚ್ಚಿಟ್ಟರು: ಇವತ್ತಿನ ಅಂಬಲಿ, ನಿನ್ನೆಯ ಅಂಬಲಿ, ಹುಳಿಮಜ್ಜಿಗೆ, ಹುಣಸೆರಸ, ಹೊಸ ಗಂಜಿ, ಮೂರು ದಿನದ ಗಂಜಿ. ವಿಸ್ಕಿ ಇಲ್ಲ, ಗಾಬರಿಯಾಗಬೇಡಿ! ಗಂಜಿ ಕೊಟ್ಟವರು ಆ ಹುಡುಗನ ತಂದೆ, ಹೇಗೆ ಮೂಸಬೇಕೆಂದು ತೋರಿಸಿದವರೂ ಅವರೇ. ನಿಯಮ ಎರಡೇ. 'ಚಲೋ', 'ಹೊಲಸು' ಎಂದು ಬರೆಯುವಂತಿಲ್ಲ, ಮನೆಮಾತಿನ ಶಬ್ದವೇ ಆಗಬಹುದು. ಮೊದಲ ಹತ್ತು ನಿಮಿಷ ಪೆನ್ನು ಓಡಲಿಲ್ಲ. ಆಮೇಲೆ ನಿಲ್ಲಲಿಲ್ಲ. ಅಜ್ಜಿಯ ಸೆರಗು, ಮಳೆಗೆ ನೆನೆದ ಜೋಳದ ಚೀಲ, ಹಸುವಿನ ಬಾಯಿ, ಇಸ್ತ್ರಿ ಮಾಡಿದ ಟಾವೆಲ್ಲು. ತೆಲುಗು ಮನೆಮಾತಿನ ಹುಡುಗನೊಬ್ಬ ತನ್ನ ಶಬ್ದ ಬರೆದು ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟ.

ಮೂರು ದಿನದ ಗಂಜಿಯ ಮುಂದೆ ಒಬ್ಬ ಹುಡುಗಿ ಬರೆದದ್ದು 'ಶನಿವಾರ ರಾತ್ರಿ'. ಎರಡೇ ಶಬ್ದ. ಎಂಐಡಿಸಿಯಲ್ಲಿ ಪಗಾರ ಆಗುವುದು ಶನಿವಾರ.

ನಾವು ಅದನ್ನು ತಿದ್ದಲಿಲ್ಲ, ಎಲ್ಲರೆದುರು ಓದಲೂ ಇಲ್ಲ. ಮುಂದಿನ ವಾರ ಪಾಲಕರ ಸಭೆ ಕರೆದು, ಅದೇ ಆರು ಬಟ್ಟಲುಗಳನ್ನು ಪಾಲಕರ ಮುಂದಿಟ್ಟೆವು. ಮಕ್ಕಳು ಬರೆದ ಶಬ್ದಗಳನ್ನು ಹೆಸರಿಲ್ಲದೆ ಗೋಡೆಗೆ ಹಚ್ಚಿದ್ದೆವು. ಆ ಎರಡು ಶಬ್ದದ ಚೀಟಿಯ ಮುಂದೆ ಗಂಡಸರು ನಿಂತು ಓದಿದರು. ಒಬ್ಬಿಬ್ಬರು ಬಹಳ ಹೊತ್ತು ನಿಂತರು. ಯಾರೂ ಏನೂ ಅನ್ನಲಿಲ್ಲ, ನಾವೂ ಭಾಷಣ ಮಾಡಲಿಲ್ಲ. ಸಭೆ ಮುಗಿದ ಮೇಲೆ ಒಬ್ಬ ತಂದೆ ಬಂದು "ಸರ, ಕುಡಿಯೂದು ಬಿಡಸೂ ಡಾಕ್ಟರ್ ಯಾರರ ಅದಾರೇನ್ರೀ?" ಅಂತ ಕೇಳಿದರು. ಮರುದಿನ ಅವರ ಜೊತೆ ನಮ್ಮಲ್ಲೊಬ್ಬರು ಸರಕಾರಿ ದವಾಖಾನೆಗೆ ಹೋಗಿಬಂದರು. ಆ ತಂದೆ ಈಗ ಚಿಕಿತ್ಸೆಯಲ್ಲಿದ್ದಾರೆ. ಮುಂದೇನಾಗುತ್ತದೋ ಹೇಳಲಾಗದು, ಆದರೆ ಹೋಗುತ್ತಿದ್ದಾರೆ.

ವಾಸನೆಯ ಶಬ್ದಗಳ ಚೀಟಿಗಳು ಇನ್ನೂ ಗೋಡೆಯ ಮೇಲಿವೆ, ವಾರಕ್ಕೆ ನಾಲ್ಕೈದು ಹೊಸವು ಬರುತ್ತಿವೆ. ಗಡಿಯ ಆಚೆ-ಈಚೆಯ ಕನ್ನಡ ಶಾಲೆಯ ಮಿತ್ರರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಶಾಲೆಯಲ್ಲೂ ಆರು ಬಟ್ಟಲು ಇಟ್ಟು ನೋಡಿ. ಜತ್ತದ ಕಡೆಯ ಅಂಬಲಿಗೆ, ಆಳಂದದ ಕಡೆಯ ಮಜ್ಜಿಗೆಗೆ, ಕಾಸರಗೋಡಿನ ಗಂಜಿತಿಳಿಗೆ ಯಾವ ಯಾವ ಹೆಸರುಗಳಿವೆಯೋ ಬರೆದು ಕಳಿಸಿ. ಬಂದವನ್ನೆಲ್ಲ ನಮ್ಮ ಗೋಡೆಗೆ ಹಚ್ಚುತ್ತೇವೆ, ಜಾಗ ಬಹಳ ಇದೆ.